ಸಹಾಯ ಬೇಕು: ಮಾರಿದ ನಾಣ್ಯವನ್ನು ಉಜ್ಜಿ ವಾಪಸ್ ಕಳಿಸಿದ್ದಾರೆ

ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಆನ್‌ಲೈನ್‌ನಲ್ಲಿ ಹಳೇ ನಾಣ್ಯ ಮಾರುತ್ತೇನೆ. 1947ರ ಒಂದು ರೂಪಾಯಿ ನಾಣ್ಯವನ್ನು ಹೊರ ರಾಜ್ಯದವರೊಬ್ಬರು ತಗೊಂಡರು. ಒಂದು ಕಡೆ ಆರನೇ ಜಾರ್ಜ್, ಇನ್ನೊಂದು ಕಡೆ ಹುಲಿ ಇರುತ್ತಲ್ಲ, ಅದೇ. ಆಮೇಲೆ 'ಮ್ಯಾಗ್ನೆಟ್‌ಗೆ ಅಂಟುತ್ತೆ, ಬೆಳ್ಳಿ ಅಲ್ಲ, ನಕಲಿ' ಅಂತ ರಿಟರ್ನ್ ಹಾಕಿದರು. ಅದು ನಿಕ್ಕಲ್ ನಾಣ್ಯ ಸ್ವಾಮಿ, ಅಂಟಲೇಬೇಕು! ಬೆಳ್ಳಿ ಬೆರೆಸಿದ ರೂಪಾಯಿ 1945ಕ್ಕೇ ಮುಗಿಯಿತು. ನಿಕ್ಕಲ್ ಅಂತ ವಿವರದಲ್ಲೇ ಬರೆದಿದ್ದೆ, ಓದಿದರೆ ತಾನೇ?

ಅದೂ ಹೋಗಲಿ. ವಾಪಸ್ ಬಂದ ನಾಣ್ಯ ನೋಡಿ ಹೊಟ್ಟೆ ಉರಿಯಿತು. ಯಾವುದರಲ್ಲೋ ತಿಕ್ಕಿ ತಿಕ್ಕಿ ಹೊಸ ಸ್ಟೀಲ್ ಲೋಟದ ಹಾಗೆ ಮಾಡಿದ್ದಾರೆ. ಹುಲಿಯ ಬೆನ್ನ ಮೇಲೆಲ್ಲ ಸಣ್ಣ ಸಣ್ಣ ಗೀರು. ಅಂಚಿನ ಹಳೇ ಪೆಟ್ಟು ನನ್ನ ಫೋಟೋದಲ್ಲಿದ್ದ ಜಾಗದಲ್ಲೇ ಇದೆ, ಅಂದರೆ ನಾಣ್ಯ ಬದಲಾಗಿಲ್ಲ. ಆದರೆ ಉಜ್ಜಿದ್ದನ್ನು ಸಂಗ್ರಹ ಮಾಡುವವರು ಯಾರು ಕೇಳುತ್ತಾರೆ? ಸೈಟ್‌ನವರು ಅವರಿಗೆ ಪೂರ್ತಿ ದುಡ್ಡು ಕೊಟ್ಟು, ನನ್ನ ಖಾತೆಯಿಂದ ಮುರಿದುಕೊಂಡಿದ್ದಾರೆ.

ನಕಲಿ ಮಾಲನ್ನು, ವಿವರಕ್ಕೆ ಹೊಂದದ ಮಾಲನ್ನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮ ಇದೆ, ಒಪ್ಪುತ್ತೇನೆ. ಆದರೆ ಸರಿಯಿದ್ದ ಮಾಲನ್ನು ಕೆಡಿಸಿ ಕಳಿಸಿದರೆ?

ಇಂಥ ಕೇಸಲ್ಲಿ ಯಾರಾದರೂ ದುಡ್ಡು ವಾಪಸ್ ಪಡೆದಿದ್ದೀರಾ? ಸೈಟ್‌ಗೆ ಮೊದಲಿನ, ಈಗಿನ ಫೋಟೋ ಕಳಿಸಿದರೆ ಸಾಕಾ, ಪಾರ್ಸೆಲ್ ಬಿಚ್ಚುವ ವಿಡಿಯೋನೂ ಬೇಕೇಬೇಕಾ? ಇನ್ನು ಮುಂದೆ ನಾಣ್ಯವನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, 'ಸೀಲ್ ಒಡೆದರೆ ರಿಟರ್ನ್ ಇಲ್ಲ' ಅಂತ ಅಂಟಿಸಿದರೆ ನಡೆಯುತ್ತಾ? ಮಾರಿ ಅನುಭವ ಇರುವವರು ದಯವಿಟ್ಟು ಹೇಳಿ.