ಕಾಫಿ ಚರಟದ ಕಾರ್ಬನ್ ಡಾಟ್: ಕಣ ಹಾಕದ ಕೋಶವೂ ನೀಲಿ ಕಾಣುತ್ತಿದೆ, ಯಾಕೆ?

ಪ್ರಶ್ನೆ: ಎಂಎಸ್ಸಿ ವಿದ್ಯಾರ್ಥಿನಿ, ಗೋಣಿಕೊಪ್ಪ

ಅಕ್ಕಾ, ನಮಸ್ತೆ. ಪ್ರಾಜೆಕ್ಟಿಗೆ ಮನೆಯ ಕಾಫಿ ಚರಟದಿಂದ ಕಾರ್ಬನ್ ಡಾಟ್, ಅಂದರೆ ಯುವಿ ಬೆಳಕಿನಲ್ಲಿ ಹೊಳೆಯುವ ಇಂಗಾಲದ ಅತಿ ಸಣ್ಣ ಕಣ, ಮಾಡಿದ್ದೇನೆ. ಟೆಫ್ಲಾನ್ ಡಬ್ಬಿ ಇರುವ ಸ್ಟೀಲ್ ಆಟೋಕ್ಲೇವಿನಲ್ಲಿ (ಹಬೆ ಹೊರಹೋಗದಂತೆ ಬಿಗಿಯಾಗಿ ಮುಚ್ಚುವ ಪಾತ್ರೆ) 180 ಡಿಗ್ರಿಗೆ ಕಾಯಿಸಿ, ಆರಿದ ಮೇಲೆ ಸೋಸಿದೆ. ಕಂದು ನೀರು ಬಂತು. ಯುವಿ ಟಾರ್ಚ್ ಹಿಡಿದರೆ ಚೆಂದ ನೀಲಿ ಹೊಳೆಯುತ್ತದೆ. ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶ) ಹಾಕಿದಾಗ ಕೋಶಗಳೂ ನೀಲಿ ಕಂಡವು. ಆದರೆ ಕಣ ಹಾಕದೆ ಬಿಟ್ಟ ಡಿಶ್ಶಿನಲ್ಲೂ ಕೋಶಗಳು ನೀಲಿಯೇ. ಡಾಟ್ ಒಳಗೆ ಹೋಗಿದೆಯಾ ಇಲ್ಲವಾ, ಹೇಗೆ ತಿಳಿಯುವುದು?

ಉತ್ತರ: ಮಂಗಳೂರಿನ ಒಂದು ಲ್ಯಾಬಿನಲ್ಲಿ ಕನ್‌ಫೋಕಲ್ ಮೈಕ್ರೋಸ್ಕೋಪ್ ನೋಡಿಕೊಳ್ಳುವವರು, ಊರು ಸೋಮವಾರಪೇಟೆ

ಕಣ ಹಾಕದ ಡಿಶ್ ಇಟ್ಟು ನೋಡಿದ್ದೀಯಲ್ಲ, ಅದು ತುಂಬ ಒಳ್ಳೆಯ ಕೆಲಸ. ಎಷ್ಟೋ ಜನ ಅದನ್ನೇ ಬಿಡುತ್ತಾರೆ.

ಕೋಶಕ್ಕೆ ತನ್ನದೇ ಹೊಳಪು ಇರುತ್ತದೆ. ಒಳಗಿರುವ ಎನ್‌ಎಡಿಎಚ್ ಅನ್ನುವ ಅಣು ಯುವಿ ಬೆಳಕು ಹೀರಿಕೊಂಡು 460 ನ್ಯಾನೋಮೀಟರ್ ಆಸುಪಾಸಿನಲ್ಲಿ ನೀಲಿ ಬೆಳಕು ಬಿಡುತ್ತದೆ. ಕೋಶದಲ್ಲೇ ಇರುವ ಫ್ಲೇವಿನ್ ಅನ್ನುವ ಅಣುಗಳು ಹಸಿರು ಬಿಡುತ್ತವೆ. ನಿನ್ನ ಡಾಟ್ ಹೊಳೆಯುವುದೂ ಅದೇ ನೀಲಿಯಲ್ಲಿ. ಮಡಿಕೇರಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಮಂಜೇ ಬೆಳ್ಳಗಾಗಿ ರಸ್ತೆ ಕಾಣುವುದಿಲ್ಲ ಅಲ್ವಾ, ಹಾಗೆ ಆಗಿದೆ.

ಮೊದಲು ಸಾಫ್ಟ್‌ವೇರಿನಲ್ಲಿ ಆಟೋ ಎಕ್ಸ್‌ಪೋಷರ್, ಆಟೋ ಕಾಂಟ್ರಾಸ್ಟ್ ಎರಡನ್ನೂ ಆಫ್ ಮಾಡು. ಅವು ಆನ್ ಇದ್ದರೆ ಮಂಕಾದ ಚಿತ್ರವನ್ನೂ ಎಳೆದು ಫಳಫಳ ಮಾಡಿ ತೋರಿಸುತ್ತವೆ. ಡಾಟ್ ಹಾಕಿದ ಡಿಶ್ಶಿಗೆ ಎಕ್ಸ್‌ಪೋಷರ್, ಗೇನ್ ಹೊಂದಿಸಿಕೊಂಡು, ಅದೇ ಅಂಕೆಯಲ್ಲಿ ಹಾಕದ ಡಿಶ್ಶಿನ ಚಿತ್ರವನ್ನೂ ತೆಗೆ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ಕೋಶ ಬೆಳೆಸುವ ದ್ರವ, ಅಂದರೆ ಮೀಡಿಯಂ, ತೆಗೆದು ಬಫರಿನಲ್ಲಿ ತೊಳೆದು ನೋಡು. ಮೀಡಿಯಂನಲ್ಲಿರುವ ರೈಬೋಫ್ಲೇವಿನ್, ಫಿನಾಲ್ ರೆಡ್ ಕೂಡ ಹಿನ್ನೆಲೆಯಲ್ಲಿ ಹೊಳೆಯುತ್ತವೆ.

ಆಮೇಲೆ ಹೊಳಪು ಎಲ್ಲಿ ಕೂತಿದೆ ಅಂತ ಗಮನಿಸು. ಡಾಟ್ 10 ನ್ಯಾನೋಮೀಟರಿಗಿಂತ ಚಿಕ್ಕದು. ಮಾಮೂಲಿ ಬೆಳಕಿನ ಮೈಕ್ರೋಸ್ಕೋಪಿಗೆ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರ ಇರುವ ಎರಡು ಚುಕ್ಕೆ ಬೇರೆ ಬೇರೆಯಾಗಿ ಕಾಣುವುದಿಲ್ಲ. ನಿನಗೆ ಕಾಣುವುದು ಒಂದೆಡೆ ಗುಂಪುಗೂಡಿದ ಡಾಟ್‌ಗಳ ಬೆಳಕು. ಕೋಶ ಅವನ್ನು ಹೊರಪೊರೆಯಿಂದ ಸುತ್ತಿ ಒಳಗೆಳೆದುಕೊಂಡಿದ್ದರೆ, ಸಾಮಾನ್ಯವಾಗಿ ನ್ಯೂಕ್ಲಿಯಸ್ ಸುತ್ತ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ, ನ್ಯೂಕ್ಲಿಯಸ್ ಕಪ್ಪಾಗಿ ಉಳಿಯುತ್ತದೆ. ಆ ಚುಕ್ಕೆಗಳಲ್ಲಿ ಹೆಚ್ಚಿನವು ಲೈಸೋಸೋಮ್, ಅಂದರೆ ಕೋಶದೊಳಗಿನ ಜೀರ್ಣ ಮಾಡುವ ಚೀಲ. ಲೈಸೋಸೋಮಿಗೆ ಅಂಟುವ ಕೆಂಪು ಬಣ್ಣ ಹಾಕಿ ಎರಡೂ ಒಂದರ ಮೇಲೊಂದು ಕೂರುತ್ತವಾ ನೋಡು. ಇನ್ನೊಂದು ಡಿಶ್ಶಿಗೆ ಡಾಟ್ ಹಾಕಿ 4 ಡಿಗ್ರಿಯಲ್ಲಿ ಇಡು. ತಣ್ಣಗಿರುವ ಕೋಶ ಹೀಗೆ ಒಳಗೆಳೆದುಕೊಳ್ಳುವುದು ಹೆಚ್ಚುಕಮ್ಮಿ ನಿಂತುಹೋಗುತ್ತದೆ. ಅಲ್ಲೂ ಅಷ್ಟೇ ಹೊಳಪಿದ್ದರೆ ಡಾಟ್ ಹೊರಗೇ ಅಂಟಿಕೊಂಡಿರಬಹುದು.

ಇನ್ನೊಂದು ಮಾತು. ನೀನು ಸೋಸಿದೆ ಅಂದೆ, ಡಯಾಲಿಸಿಸ್ (ಸೂಕ್ಷ್ಮ ತೂತಿನ ಪೊರೆಯ ಬ್ಯಾಗಿನಲ್ಲಿಟ್ಟು ಸಣ್ಣ ಅಣುಗಳನ್ನು ಹೊರಗಿನ ನೀರಿಗೆ ಬಿಡಿಸುವುದು) ಮಾಡಿದೆಯಾ?

ಪ್ರಶ್ನೆ: ಅದೇ ವಿದ್ಯಾರ್ಥಿನಿ

ಇಲ್ಲ ಅಕ್ಕಾ. 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದ್ದು ಅಷ್ಟೇ. ಅದು ಸಾಲದಾ?

ಉತ್ತರ:

ಸಾಲದು. 0.22 ಮೈಕ್ರಾನ್ ಅಂದರೆ 220 ನ್ಯಾನೋಮೀಟರ್. ದೊಡ್ಡ ಚೂರು, ಬ್ಯಾಕ್ಟೀರಿಯಾ ನಿಲ್ಲುತ್ತವೆ. ಡಾಟ್ ಜೊತೆಗೆ ಸಣ್ಣ ಅಣುಗಳೆಲ್ಲ ಕೆಳಗಿಳಿಯುತ್ತವೆ. ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲವೇ ಯುವಿಯಲ್ಲಿ ನೀಲಿ ಹೊಳೆಯುತ್ತದೆ. ಹಾಗಾಗಿ ಟಾರ್ಚ್ ಹಿಡಿದು ನೀಲಿ ಕಂಡಿತು ಅಂತ ಡಾಟ್ ಆಗಿದೆ ಅನ್ನಲಾಗದು. ಈ ಕ್ಷೇತ್ರದಲ್ಲಿ ಇದು ದೊಡ್ಡ ತಲೆನೋವು. ಸಿಟ್ರಿಕ್ ಆಮ್ಲ ಮತ್ತು ಎಥಿಲೀನ್‌ಡೈಅಮೀನ್ ಸೇರಿಸಿ ಮಾಡುವ ಪ್ರಸಿದ್ಧ ಡಾಟ್‌ನಲ್ಲೂ ಹೊಳಪಿನ ದೊಡ್ಡ ಪಾಲು ಒಂದು ಸಣ್ಣ ಅಣುವಿನಿಂದ ಬರುತ್ತದೆ ಅಂತ ಆಮೇಲೆ ಗೊತ್ತಾಯಿತು. ಶುದ್ಧ ಮಾಡುವುದರಿಂದಲೇ ಈ ಕಥೆ ಶುರುವಾಗಿದ್ದು: 2004ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ ಈ ಹೊಳೆಯುವ ಇಂಗಾಲದ ಚೂರುಗಳು ಕಣ್ಣಿಗೆ ಬಿದ್ದಿದ್ದೇ ನ್ಯಾನೋಟ್ಯೂಬಿನ (ಇಂಗಾಲದ ಅತಿ ಸಣ್ಣ ಕೊಳವೆ) ಮಸಿಯನ್ನು ಶುದ್ಧ ಮಾಡುತ್ತಿದ್ದಾಗ.

1000 ಡಾಲ್ಟನ್ (ಅಣುವಿನ ತೂಕದ ಅಳತೆ) ಡಯಾಲಿಸಿಸ್ ಬ್ಯಾಗಿನಲ್ಲಿ, ಅಂದರೆ ಅದಕ್ಕಿಂತ ಸಣ್ಣ ಅಣುಗಳನ್ನು ಹೊರಬಿಡುವ ಬ್ಯಾಗಿನಲ್ಲಿ ಹಾಕಿ, ನೀರು ಬದಲಿಸುತ್ತಾ ಹೋಗು. ಮೊದಲ ಸಲ ಹೊರಗೆ ಬಂದ ನೀರನ್ನು ಚೆಲ್ಲಬೇಡ, ಅದಕ್ಕೂ ಟಾರ್ಚ್ ಹಿಡಿ. ಅದನ್ನೇ ಒಂದು ಡಿಶ್ ಕೋಶಕ್ಕೂ ಹಾಕು. ಹೊರಗಿನ ನೀರು ಹಾಕಿದ ಕೋಶವೇ ಜಾಸ್ತಿ ಹೊಳೆದರೆ, ನೀನು ನೋಡಿದ್ದು ಸಣ್ಣ ಅಣುಗಳ ಆಟ.

ಮತ್ತೆ, ನಿಮ್ಮ ಮನೆಯ ಪುಡಿಯಲ್ಲಿ ಚಿಕೋರಿ ಇದೆಯಾ? ಇದ್ದರೆ ಬೇಡ. ಪುಡಿಯ ಹದ, ಹುರಿದ ಹದ ಬದಲಾದರೆ ಡಾಟೂ ಬದಲಾಗುತ್ತದೆ. ಅರೇಬಿಕಾನಾ ರೋಬಸ್ಟಾನಾ ಅನ್ನುವುದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡು.

ಪ್ರಶ್ನೆ: ಕಾಫಿ ಬೆಳೆಗಾರ, ಸಿದ್ದಾಪುರ

ಮೇಡಂ, ಇದಕ್ಕೆ ಮಾರ್ಕೆಟ್ ಇದೆಯಾ? ಮುಂದೆ ಇದನ್ನು ರೋಗಿಗಳ ಮೈಗೆ ಚುಚ್ಚುತ್ತಾರಾ?

ಉತ್ತರ:

ಚರಟಕ್ಕೆ ಇದರಿಂದ ಬೆಲೆ ಬರುತ್ತದೆ ಅಂತ ನಂಬಬೇಡಿ ಅಣ್ಣ, ಒಂದು ಲ್ಯಾಬಿಗೆ ಬೇಕಾಗುವುದು ಚಮಚದ ಲೆಕ್ಕ. 2012ರಲ್ಲೇ ತೈವಾನಿನವರು ಕಾಫಿ ಚರಟದಿಂದ, ನಮ್ಮ ದೇಶದವರು ಕಿತ್ತಳೆ ರಸದಿಂದ ಡಾಟ್ ಮಾಡಿ ಕೋಶಗಳನ್ನು ನೋಡಿದ್ದಾರೆ. ಕೆಲವು ಕ್ವಾಂಟಮ್ ಡಾಟ್‌ಗಳಲ್ಲಿ (ಹೊಳೆಯುವ ಅರೆವಾಹಕದ ಸಣ್ಣ ಕಣ) ಇರುವ ಕ್ಯಾಡ್ಮಿಯಂ ವಿಷದ ಭಯ ಇದರಲ್ಲಿಲ್ಲ, ಅದೇ ಇದರ ಆಕರ್ಷಣೆ. ಆದರೂ ಬೆಳಕು ಬಿದ್ದಾಗ ಕೆಲವು ಡಾಟ್‌ಗಳು ಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳನ್ನು ಹುಟ್ಟಿಸುತ್ತವೆ. ಕಾಫಿಯಿಂದ ಬಂದಿದೆ ಅಂದ ಮಾತ್ರಕ್ಕೆ ನಿರಪಾಯ ಅನ್ನಲು ಬರುವುದಿಲ್ಲ. ಸದ್ಯಕ್ಕೆ ಇದು ಲ್ಯಾಬಿನ ಸಾಧನ.

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರು, ವಿರಾಜಪೇಟೆ

ಕುಕ್ಕರಿನಲ್ಲಿ ಮಾಡಿ ಮಕ್ಕಳಿಗೆ ತೋರಿಸಬಹುದಾ ಮೇಡಂ?

ಉತ್ತರ:

ದಯವಿಟ್ಟು ಬೇಡ ಸರ್. ಕುಕ್ಕರ್ 120 ಡಿಗ್ರಿ ಆಸುಪಾಸಿಗೆ ನಿಲ್ಲುತ್ತದೆ. 180 ಡಿಗ್ರಿಯಲ್ಲಿ ಮುಚ್ಚಿದ ಪಾತ್ರೆಯೊಳಗಿನ ಹಬೆಯ ಒತ್ತಡ ಸುಮಾರು 10 ಪಟ್ಟು ವಾಯುಭಾರ. ವೇಯ್ಟ್ ಅದುಮಿ ಹಿಡಿದು ಅಷ್ಟಕ್ಕೆ ಏರಿಸಲು ಹೋದರೆ ಸಿಡಿಯುತ್ತದೆ. ಮಕ್ಕಳಿಗೆ ಹೊಳಪು ತೋರಿಸಬೇಕಾದರೆ ಸುಲಭ ದಾರಿ ಇದೆ. ಅಂಗಡಿಯ ಟಾನಿಕ್ ವಾಟರಿಗೆ ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚ್ ಹಿಡಿಯಿರಿ, ಅದರಲ್ಲಿರುವ ಕ್ವಿನೈನ್ ನೀಲಿ ಹೊಳೆಯುತ್ತದೆ. ಹಸಿರು ಸೊಪ್ಪು ಜಜ್ಜಿ ಸ್ಪಿರಿಟ್‌ನಲ್ಲಿ ನೆನೆಸಿ ಸೋಸಿದರೆ ಆ ಹಸಿರು ರಸ ಟಾರ್ಚಿನಡಿ ಗಾಢ ಕೆಂಪಾಗುತ್ತದೆ. ಸ್ಪಿರಿಟ್ ಹತ್ತಿರ ಬೆಂಕಿ ಬೇಡ. ಟಾರ್ಚ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಯಾರ ಕಣ್ಣಿಗೂ ತಿರುಗಿಸಬೇಡಿ.