ಎಂಜಿನ್ ಶೆಡ್ಡಿನಲ್ಲಿ ಬಿಯರ್ ಉತ್ಸವ: ಹೋಗಿಬಂದವರು ದಯವಿಟ್ಟು ತಿಳಿಸಿ

ಶೆಫೀಲ್ಡ್‌ವಾಸಿ:
ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದು ಎಂಟು ತಿಂಗಳಾಯಿತು. ಚೆಸ್ಟರ್‌ಫೀಲ್ಡ್ ಬಳಿಯ ಬ್ಯಾರೋ ಹಿಲ್ ರೌಂಡ್‌ಹೌಸ್ ಎಂಬ ಹಳೆಯ ಎಂಜಿನ್ ಶೆಡ್ಡಿನಲ್ಲಿ ಮೇ ತಿಂಗಳಲ್ಲಿ ನಡೆಯುವ ‘ರೈಲ್ ಏಲ್’ ಉತ್ಸವಕ್ಕೆ ಬರುವಂತೆ ಸಹೋದ್ಯೋಗಿಗಳು ಒತ್ತಾಯಿಸುತ್ತಿದ್ದಾರೆ. ಬೆಂಗಳೂರಿನಲ್ಲಿದ್ದಾಗ ಇಂದಿರಾನಗರದ ಬ್ರೂಪಬ್‌ಗಳಲ್ಲಿ ತಣ್ಣನೆಯ ಬಿಯರ್ ಕುಡಿದು ರೂಢಿಯಾದ ನನಗೆ, ಇಲ್ಲಿನ ಪಬ್ಬೊಂದರಲ್ಲಿ ಕೊಟ್ಟ ಏಲ್ ಎಂಬ ಬಗೆಯ ಬಿಯರ್ ಬೆಚ್ಚಗೆ, ಸಪ್ಪೆಯಾಗಿ ಕಂಡು ಅರ್ಧಕ್ಕೇ ಬಿಟ್ಟು ಎದ್ದುಬಂದೆ. ಅದನ್ನೇ ಎಂಜಿನ್‌ಗಳ ನಡುವೆ ನಿಂತು ಕುಡಿಯುವುದರಲ್ಲಿ ವಿಶೇಷವೇನು? ನಾನು ಸಸ್ಯಾಹಾರಿ ಎಂಬುದನ್ನೂ ಗಮನಿಸಿ ಉತ್ತರಿಸಬೇಕಾಗಿ ಕೋರುತ್ತೇನೆ.

ಲೋಕೋ ಶೆಡ್ ಹುಡುಗ:
ನಮ್ಮ ತಂದೆಯವರು ಹುಬ್ಬಳ್ಳಿಯಲ್ಲಿ ರೈಲ್ವೆ ನೌಕರರಾಗಿದ್ದರು. ಆದ್ದರಿಂದ ನಾನು ಬಿಯರಿಗಿಂತ ಹೆಚ್ಚಾಗಿ ಶೆಡ್ ನೋಡಲೆಂದೇ ಹೋದವನು. ಹೆಸರು ರೌಂಡ್‌ಹೌಸ್ ಆದರೂ ಕಟ್ಟಡ ಹೊರಗಿನಿಂದ ಚೌಕವಾಗಿಯೇ ಇದೆ. ಒಳಗೆ ಕಾಲಿಟ್ಟಾಗ ನಡುವೆ ಎಂಜಿನ್ ತಿರುಗಿಸುವ ದುಂಡು ವೇದಿಕೆ, ಅಂದರೆ ಟರ್ನ್‌ಟೇಬಲ್ ಕಾಣುತ್ತದೆ, ಅದರ ಸುತ್ತ ಗಾಡಿಚಕ್ರದ ಅರಕಾಲುಗಳಂತೆ 24 ಹಳಿಗಳು ಹರಡಿಕೊಂಡಿವೆ, ಹಳಿಯ ಮೇಲೆ ಉಗಿ ಮತ್ತು ಡೀಸೆಲ್ ಎಂಜಿನ್‌ಗಳು ಮೂತಿ ಒಳಗೆ ಮಾಡಿ ನಿಂತಿರುತ್ತವೆ. ಮಿಡ್‌ಲ್ಯಾಂಡ್ ರೈಲ್ವೆ 1870ರಲ್ಲಿ ಕಟ್ಟಿಸಿದ ಈ ಶೆಡ್ 1991ರಲ್ಲಿ ಮುಚ್ಚಿತು. ಕೆಡವಬೇಕೆಂದಿದ್ದ ಕಟ್ಟಡವನ್ನು ಸ್ಥಳೀಯ ಆಸಕ್ತರು ಹೋರಾಡಿ ಉಳಿಸಿಕೊಂಡು, 1998ರಲ್ಲಿ ಸಾರ್ವಜನಿಕರಿಗೆ ತೆರೆದರು. ಉತ್ಸವದ ದಿನ ಆ ಎಂಜಿನ್‌ಗಳ ನಡುವೆಯೇ ಪೀಪಾಯಿಗಳ ಸಾಲು. ಒಂದು ಎಚ್ಚರಿಕೆ: ನೆಲದಲ್ಲಿ ಹಳಿಗಳಿರುವುದರಿಂದ ಗಟ್ಟಿ ಶೂ ಧರಿಸಿ, ಗ್ಲಾಸಿನ ಜೊತೆಗೆ ಕಾಲಿನ ಕಡೆಗೂ ಗಮನವಿರಲಿ.

ಬಾರ್ಲಿಪ್ರಿಯ:
ಶೆಫೀಲ್ಡ್‌ವಾಸಿಯವರೇ, ತಾವು ಬಿಟ್ಟು ಎದ್ದುಬಂದದ್ದು ಬಹುಶಃ ಕ್ಯಾಸ್ಕ್ ಏಲ್, ಅಂದರೆ ಪೀಪಾಯಿಯಲ್ಲೇ ಹದವಾಗುವ ಏಲ್. ಅದು ಕೆಟ್ಟಿರಲೂಬಹುದು, ಆದರೆ ತಣ್ಣಗಿರಲಿಲ್ಲ ಎಂಬುದು ಅದರ ದೋಷವಲ್ಲ. ಪೀಪಾಯಿಯೊಳಗೆ ಜೀವಂತ ಯೀಸ್ಟ್ ಇದ್ದು, ಅಲ್ಲಿಯೇ ಎರಡನೆಯ ಬಾರಿ ಹುದುಗುವಾಗ ಹುಟ್ಟುವ ಅನಿಲವಷ್ಟೇ ಅದಕ್ಕೆ ಸಾಕು. ಹೊರಗಿನಿಂದ ಅನಿಲ ತುಂಬುವುದಿಲ್ಲ, ಆದ್ದರಿಂದ ಗುಳ್ಳೆ ಕಡಿಮೆ. ಬಡಿಸುವುದು 11ರಿಂದ 13 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ತಂಪಾದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ರುಚಿ ನಾಲಿಗೆಗೆ ಹತ್ತುವುದೇ ಇಲ್ಲ. ಒಮ್ಮೆಗೇ ಪೈಂಟ್, ಅಂದರೆ 568 ಮಿಲಿಲೀಟರ್, ತೆಗೆದುಕೊಂಡು ಕಷ್ಟಪಡಬೇಡಿ. ಪೈಂಟಿನ ಮೂರನೆಯ ಒಂದು ಭಾಗದ ಅಳತೆಯೂ ಇಲ್ಲಿ ಕಾನೂನುಬದ್ಧ. ಅದನ್ನೇ ಕೇಳಿ, ತೆಳು ಬಣ್ಣದ ಬಿಟರ್‌ನಿಂದ ಆರಂಭಿಸಿ ಕೊನೆಗೆ ಕಪ್ಪು ಬಣ್ಣದ, ಗಾಢ ರುಚಿಯ ಪೋರ್ಟರ್, ಸ್ಟೌಟ್‌ಗಳ ಕಡೆಗೆ ಹೋಗಿ. ಮೊದಲೇ ಸ್ಟೌಟ್ ಕುಡಿದರೆ ಉಳಿದದ್ದೆಲ್ಲ ನೀರಿನಂತೆ ಅನ್ನಿಸುತ್ತದೆ.

ಡರ್ಬಿ ಗೃಹಿಣಿ:
ಸಸ್ಯಾಹಾರದ ಮಾತನ್ನು ಯಾರೂ ಮುಟ್ಟಲಿಲ್ಲವಲ್ಲ! ಕ್ಯಾಸ್ಕ್ ಏಲ್ ತಿಳಿಯಾಗಲೆಂದು ಅನೇಕ ಬ್ರೂವರಿಗಳು ಐಸಿಂಗ್ಲಾಸ್ ಹಾಕುತ್ತವೆ. ಅದು ಮೀನಿನ ಗಾಳಿಚೀಲದಿಂದ ಮಾಡಿದ್ದು. ಯೀಸ್ಟಿನೊಡನೆ ತಳಕ್ಕೆ ಇಳಿದುಬಿಡುತ್ತದೆ ಎನ್ನುತ್ತಾರೆ, ಆದರೆ ಅಷ್ಟಕ್ಕೆ ಸಮಾಧಾನಪಡುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ನಾನಂತೂ ಕೌಂಟರಿನಲ್ಲಿ ಅದನ್ನು ಹಾಕದ ಬಿಯರ್, ಅಂದರೆ “ಅನ್‌ಫೈನ್ಡ್” ಅಥವಾ “ವೀಗನ್” ಯಾವುದೆಂದು ಕೇಳಿಯೇ ತೆಗೆದುಕೊಳ್ಳುತ್ತೇನೆ. ಅಂಥ ಬಿಯರ್ ಸ್ವಲ್ಪ ಮಬ್ಬಾಗಿರುತ್ತದೆ, ಹೆದರಬೇಡಿ. ನಮ್ಮ ಮನೆಯವರು ಕುಡಿಯುವುದಿಲ್ಲ. ಹಿಂದಿನ ಸಲ ಎಂಜಿನ್ ನೋಡುತ್ತಲೇ ಸಂಜೆ ಕಳೆದರು.

ಶೆಫೀಲ್ಡ್‌ವಾಸಿ:
ಮೀನಿನ ವಿಷಯ ತಿಳಿದು ನಿಜಕ್ಕೂ ಬೆಚ್ಚಿಬಿದ್ದೆ. ಎಂಟು ತಿಂಗಳಿಂದ ಏನೇನು ಕುಡಿದೆನೋ ದೇವರೇ ಬಲ್ಲ. ಆದರೂ ಹೋಗುವುದೆಂದು ನಿರ್ಧರಿಸಿದ್ದೇನೆ. ಕಾರಿನಲ್ಲಿ ಹೋಗಬಹುದೇ?

ಲೋಕೋ ಶೆಡ್ ಹುಡುಗ:
ಬೇಡ, ಕುಡಿಯಲಿಕ್ಕಿರುವುದರಿಂದ ರೈಲಿನಲ್ಲಿ ಹೋಗಿ. ಬ್ಯಾರೋ ಹಿಲ್‌ನಲ್ಲಿ ಈಗ ಪ್ರಯಾಣಿಕರ ನಿಲ್ದಾಣವಿಲ್ಲ, ಚೆಸ್ಟರ್‌ಫೀಲ್ಡ್‌ನಲ್ಲಿ ಇಳಿಯಬೇಕು. ನಾನು ಹೋಗಿದ್ದ ವರ್ಷ ಅಲ್ಲಿಂದ ಉತ್ಸವದ ಬಸ್ಸುಗಳಿದ್ದವು; ಈ ಬಾರಿಯ ವೇಳಾಪಟ್ಟಿಯನ್ನು ಟಿಕೆಟ್ ಕೊಳ್ಳುವಾಗಲೇ ನೋಡಿಕೊಳ್ಳಿ. ಬಸ್ಸಿಗೆ ಕಾಯುವಾಗ ಊರಿನ ಚರ್ಚಿನ ತಿರುಚಿಕೊಂಡ ಗೋಪುರ ಕಾಣಿಸುತ್ತದೆ. ಹಿಂದಿರುಗುವಾಗಲೂ ಅದು ಹಾಗೆಯೇ ಕಂಡರೆ ಗಾಬರಿಯಾಗಬೇಡಿ, ಗೋಪುರವೇ ಸೊಟ್ಟ.