ಮರು: ರೆಸ್ಪಿರೇಶನ್, ಏಜಿಂಗ್ - ಬೋರ್ಡಿಗೆ ಪದ ಬೇಕು (ತುರ್ತು)

ಕೋಲ್ಡ್ ಸ್ಟೋರೇಜ್ ಬೋರ್ಡಿಗೆ ಇಂಗ್ಲಿಷಿನ ‘ರೆಸ್ಪಿರೇಶನ್’, ‘ಏಜಿಂಗ್’ ಎರಡಕ್ಕೂ ಕನ್ನಡ ಪದ ಕೇಳಿದ್ದೀರಿ. ನಾಳೆ ಬೆಳಿಗ್ಗೆ ಪೇಂಟರ್ ಬರ್ತಾನೆ ಅಂದಿದ್ದೀರಿ, ಹಾಗಾಗಿ ಮೊದಲು ರೆಸ್ಪಿರೇಶನ್‌ಗೆ ಪದ: ‘ಉಸಿರಾಟ’. ಅಷ್ಟೇ. ‘ಕೋಶೀಯ ಶ್ವಸನಕ್ರಿಯೆ’ ಬೇಡವೇ ಬೇಡ. ಬೆಳಗಾವಿಯಲ್ಲಿ ಬಟಾಟಿ (ಆಲೂಗಡ್ಡೆ) ಚೀಲ ಇಳಿಸುವವರು ಓದಬೇಕಾದ ಬೋರ್ಡು ಅದು.

‘ಗಡ್ಡೆಗೆ ಮೂಗೆಲ್ಲಿದೆ’ ಅಂತ ಮೇಲೆ ಒಬ್ಬರು ಕೇಳಿದ್ದಾರೆ. ಉಸಿರು ಮೂಗಿಗಷ್ಟೇ ಸೇರಿದ ಮಾತಲ್ಲ ಸರ್. ತಮಿಳಿನ ‘ಉಯಿರ್’ ಅಂದರೆ ಜೀವ, ನಮ್ಮ ಉಸಿರೂ ಅದೇ ಬೇರಿನದು, ‘ಉಸಿರಿರೋತನಕ’ ಅಂದಾಗ ನಾವು ಹೇಳುವುದೂ ಜೀವವನ್ನೇ. ನಮ್ಮ ವಿಜಯಪುರ ಕಡೆ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ತೆಗೆದ ಕೂಡಲೇ ಒಳಗೆ ಇಳಿಯುತ್ತಿರಲಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರಿದರೆ ಬಾಯಿ ತೆರೆದಿಟ್ಟು ಇನ್ನಷ್ಟು ಹೊತ್ತು ಕಾಯುತ್ತಿದ್ದರು. ಒಳಗಿನ ಜೋಳ, ಹುಳ, ಬೂಷ್ಟು ಎಲ್ಲ ಸೇರಿ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತವೆ. ಇದು ಉಸಿರಾಟ ಅಲ್ಲದೆ ಮತ್ತೇನು?

ತೊಡಕಿರುವುದು ‘ಏಜಿಂಗ್’ನಲ್ಲಿ. ಎಲ್ಲ ಕಡೆ ‘ಮುಪ್ಪು’ ಹಾಕಬೇಡಿ. ಬಟಾಟಿ ಹೆಚ್ಚಿ, ಹೋಳನ್ನು ಒಂದು ದಿನ ತೇವದಲ್ಲಿ ಇಟ್ಟರೆ ಅದರ ಉಸಿರಾಟ ತಗ್ಗುವುದಿಲ್ಲ, ಹಲವು ಪಟ್ಟು ಏರುತ್ತದೆ. ಗಾಯ ಮಾಯಿಸಿಕೊಳ್ಳುವ ಕೆಲಸ ಅದು. ಇಂಗ್ಲಿಷಿನವರು ಇದಕ್ಕೂ ಏಜಿಂಗ್ ಅಂತಾರೆ. ಇಲ್ಲಿ ಮುಪ್ಪು ಅಂದರೆ ಅರ್ಥವೇ ತಿರುಗಾಮುರುಗಾ ಆಗುತ್ತದೆ, ‘ಹೋಳನ್ನು ಒಂದು ದಿನ ಇಟ್ಟ ಮೇಲೆ’ ಅಂತ ಬಿಡಿಸಿ ಬರೆಯಿರಿ. ಇಡೀ ಗಡ್ಡೆಯ ಕತೆ ಬೇರೆ: ಕಿತ್ತ ಹೊಸದರಲ್ಲಿ ಉಸಿರಾಟ ಜೋರು, ಸಿಪ್ಪೆ ಬಲಿತ ಮೇಲೆ ತಗ್ಗುತ್ತದೆ, ಮೊಳಕೆ ಒಡೆಯುವಾಗ ಮತ್ತೆ ಏರುತ್ತದೆ. ಮೊಳಕೆ ಒಡೆಯುವುದು ಮುಪ್ಪಾ? ಅಲ್ಲಿ ‘ಇಟ್ಟು ಹಳತಾದಂತೆ’ ಸಾಕು. ಮುಪ್ಪು ಅನ್ನೋದು ಹಳದಿಯಾಗುವ ಮೆಂತ್ಯೆ ಸೊಪ್ಪಿಗೆ ಇರಲಿ.

ಬೋರ್ಡಿಗೆ ಹೀಗೆ ಬರೆಸಿ: ‘ಬಟಾಟಿಯೂ ಉಸಿರಾಡುತ್ತದೆ. ಸೆಕೆ ತಾಗಿದರೆ ಜಾಸ್ತಿ ಉಸಿರಾಡಿ ತೂಕ ಕಳೆದುಕೊಳ್ಳುತ್ತದೆ. ಬಾಗಿಲು ಹಾಕಿ.’ ಸುಮ್ನೆ ಹೇಳುತ್ತಿಲ್ಲ, 10 ಡಿಗ್ರಿ ಏರಿದರೆ ಉಸಿರಾಟ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ.

ಬಟಾಟಿ ಪೋರ್ಚುಗೀಸರ ಮಾತು, ಆಲೂಗಡ್ಡೆ ಅಂತ ತಿದ್ದಿ ಅನ್ನುವವರಿಗೆ: ಆಲೂ ನಮ್ಮದಾ? ಅದೂ ಹಿಂದಿಯಿಂದ ಬಂದದ್ದು. ಎರಡೂ ಸಾಲದ ಮಾತೇ ಆದಾಗ ಆ ಊರಿನ ಬಾಯಲ್ಲಿರುವುದನ್ನೇ ಬರೆಯಬೇಕು, ಅಲ್ವಾ? ‘ಕೋಲ್ಡ್ ಸ್ಟೋರೇಜ್’ ಕೂಡ ಹಾಗೇ ಇರಲಿ. ಅದನ್ನು ‘ಶೈತ್ಯಾಗಾರ’ ಅನ್ನಬೇಕೋ ಬೇಡವೋ ಅನ್ನುವ ವಾದ ಇನ್ನೊಂದು ದಿನ ಮಾಡೋಣ, ಈಗ ಪೇಂಟರ್‌ಗೆ ಒತ್ತಕ್ಷರ ತಪ್ಪದಂತೆ ದೊಡ್ಡದಾಗಿ ಬರೆದು ಕೊಡಿ.